ಕೂಗಿ ನಿಂತ ಜಿಂಕೆ

ಒಂದು ಕಾಡು, ಮಕ್ಕಳೇ. ದೊಡ್ಡ ಕಾಡೇನಲ್ಲ. ಕುರುಚಲು ಗಿಡ, ನಡುವೆ ಹುಲ್ಲುಬಯಲು, ಬಯಲಿನ ಅಂಚಿಗೆ ಒಂದು ಭಾರಿ ಬಸರಿ ಮರ. ಮರದ ಮೇಲೆ ಮುಸುವಗಳು. ಕಪ್ಪು ಮುಖ, ಉದ್ದ ಬಾಲ, ನೀವು ನೋಡಿರ್ತೀರಿ. ಮರದ ಕೆಳಗೆ ಚುಕ್ಕೆ ಜಿಂಕೆಗಳು.

ಇಬ್ಬರೂ ನೆರೆಹೊರೆ. ಮುಸುವ ತಿನ್ನುವುದು ಅರ್ಧ, ಚೆಲ್ಲುವುದು ಅರ್ಧ. ಚೆಲ್ಲಿದ್ದು ಜಿಂಕೆಗೆ. ಮುಸುವದ ಕಣ್ಣು ಚುರುಕು, ಜಿಂಕೆಯ ಮೂಗು ಚುರುಕು. ಹುಲಿ ಬಂದರೆ ಯಾರಿಗೆ ಮೊದಲು ಗೊತ್ತಾಗುತ್ತದೋ ಅವರು ಕೂಗಬೇಕು. ಕೇಳಿದವರು ಓಡಬೇಕು. ಕೂಗಿದವರೂ ಓಡಬೇಕು. ಕೂಗು, ಓಡು. ಅಲ್ಲಿಯ ಪದ್ಧತಿ ಇದು. ತಾಯಂದಿರು ಮರಿಗಳಿಗೆ ಹಾಲಿನ ಜೊತೆಗೇ ಕಲಿಸುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಹೊರಗಿನ ಶತ್ರುವಿಗೆ ಮಾತ್ರ ಕೂಗು. ಹುಲಿ, ಚಿರತೆ, ಹೆಬ್ಬಾವು, ಹದ್ದು, ಇವಕ್ಕೆ ಕೂಗಬಹುದು. ಒಂದು ಹಿಂಡಿನ ಒಳಗೆ ಏನಾದರೂ ನಡೆದರೆ ಕೂಗುವಂತಿಲ್ಲ. ಅದು ಅವರ ಮನೆ ವಿಷಯ.

ಜಿಂಕೆ ಹಿಂಡಿನಲ್ಲಿ ಕೆಂಚ ಅಂತ ಒಬ್ಬನಿದ್ದ. ವಯಸ್ಸಾದವನು. ಕೊಂಬು ದೊಡ್ಡದು, ಮಾತು ಕಡಿಮೆ. ಹಿಂದಿನ ಬೇಸಿಗೆಯಲ್ಲಿ ಅವನ ಜೊತೆಗಾತಿ ಬೆಳ್ಳಿ ಸತ್ತಳು. ಹುಲಿ ಹಿಡಿಯಲಿಲ್ಲ. ಕಾಯಿಲೆ. ಮೇವು ಬಿಟ್ಟಳು, ನೀರು ಬಿಟ್ಟಳು, ಒಂದು ಬೆಳಿಗ್ಗೆ ಏಳಲಿಲ್ಲ. ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆಮೇಲೆ ಕೆಂಚ ಹಿಂಡಿನಿಂದ ಸ್ವಲ್ಪ ದೂರವೇ ಮೇಯುತ್ತಿದ್ದ. ಎಡಗಡೆಗೆ ಒಂದು ಜಿಂಕೆ ನಿಲ್ಲುವಷ್ಟು ಜಾಗ ಬಿಟ್ಟು ಮೇಯುತ್ತಿದ್ದ. ಅಲ್ಲಿಯ ಹುಲ್ಲು ಹಾಗೇ ಉಳಿಯುತ್ತಿತ್ತು.

ಹೀಗಿರುವಾಗ ಗುಡ್ಡದ ಕಡೆಯಿಂದ ಒಂದು ಗಂಡು ಮುಸುವ ಬಂತು. ಹೆಸರು ಜಟ್ಟಿ. ಭಾರಿ ಮೈ. ಬಂದವನೇ ಹಳೇ ಯಜಮಾನನ ಮೇಲೆ ಬಿದ್ದ. ಹಳಬ ಸೋತು ಕಾಡು ಬಿಟ್ಟು ಹೋದ. ಮುಸುವಗಳಲ್ಲಿ ಯಜಮಾನಿಕೆ ಬದಲಾಗುವುದು ಹೀಗೇ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಜಟ್ಟಿ ದಪ್ಪ ಕೊಂಬೆಯ ಮೇಲೆ ಕೂತ. "ಇನ್ಮೇಲೆ ಈ ಮರ ನಂದು. ನಿಮ್ಮನ್ನೆಲ್ಲ ಕಾಯೋನು ನಾನು" ಅಂದ.

ಹೆಣ್ಣು ಮುಸುವಗಳು ತಲೆ ತಗ್ಗಿಸಿದವು. ಆದರೆ ಅವರ ಹೊಟ್ಟೆಗೆ ಹಳೇ ಯಜಮಾನನ ಮರಿಗಳು ಅಂಟಿಕೊಂಡಿದ್ದವು. ಅವನ್ನು ಕಂಡರೆ ಜಟ್ಟಿಗೆ ಆಗದು.

"ನನ್ನದಲ್ಲದ ಮರಿ ನನ್ನ ಮರದಲ್ಲಿ ಯಾಕೆ?" ಅಂದ.

ಮರುದಿನ ಜಿಂಕೆಗಳು ಮರದಡಿ ಮೇಯುತ್ತಿದ್ದಾಗ ಮೇಲಿನಿಂದ ಏನೋ ಬಿತ್ತು. ಹಣ್ಣಿರಬೇಕೆಂದು ಒಂದು ಜಿಂಕೆ ಮೂಸಿತು. ಮೂಸಿ ಹಿಂದೆ ಸರಿಯಿತು.

"ಏನದು?" ಅಂತ ಪಕ್ಕದವಳು ಕೇಳಿದಳು.

"ಹಣ್ಣಲ್ಲ."

"ಮತ್ತೆ?"

"ನಮ್ಮದಲ್ಲ. ಬಾ, ಆ ಕಡೆ ಹುಲ್ಲು ಚೆನ್ನಾಗಿದೆ."

ಹಿಂಡು ಆ ಕಡೆ ಹೋಯಿತು. ಮಾರನೆಯ ದಿನ ಮತ್ತೆ ಬಿತ್ತು. ಹಿಂಡು ಇನ್ನೂ ಸ್ವಲ್ಪ ಆ ಕಡೆ ಹೋಯಿತು. ಕೆಂಚ ಮಾತ್ರ ಹೋಗಲಿಲ್ಲ. ಅವನು ಆ ಪುಟ್ಟ ಮೈಯ ಹತ್ತಿರ ಸುಮ್ಮನೆ ನಿಂತ. ಇನ್ನೂ ಬೆಚ್ಚಗಿತ್ತು.

ಆಗ ಮರದಿಂದ ಒಬ್ಬಳು ತಾಯಿ ಇಳಿದು ಬಂದಳು. ಚಿಗುರಿ ಅಂತ ಅವಳ ಹೆಸರು. ಸತ್ತದ್ದು ಅವಳ ಅಕ್ಕನ ಮರಿ. ಅವಳ ಮರಿ ಇನ್ನೂ ಬದುಕಿತ್ತು, ಎದೆಗೆ ಅವುಚಿಕೊಂಡಿತ್ತು.

"ಕೆಂಚಣ್ಣ, ಒಂದು ಮಾತು."

"ಹೇಳವ್ವ."

"ನೀನು ಕೂಗಬೇಕು."

"ಹುಲಿ ಎಲ್ಲಿ?"

"ಮೇಲೆ ಕೂತಿದೆ."

ಕೆಂಚ ಕತ್ತೆತ್ತಿ ನೋಡಿದ. ಜಟ್ಟಿ ಕೊಂಬೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಆಕಳಿಸುತ್ತಿದ್ದ. ಹಲ್ಲೆಲ್ಲ ಕಾಣುತ್ತಿತ್ತು.

"ಅವನು ನಿಮ್ಮ ಯಜಮಾನ ಕಣವ್ವ."

"ಹೌದು. ಅದಕ್ಕೇ ಯಾರ ಕಣ್ಣಿಗೂ ಬೀಳ್ತಿಲ್ಲ."

"ಅದು ನಿಮ್ಮ ಮನೆ ವಿಷಯ. ನಾನು ಮಧ್ಯೆ ಬಾಯಿ ಹಾಕಿದ್ರೆ…"

"ಮೊನ್ನೆ ಹೆಬ್ಬಾವು ನಮ್ಮ ಕೊಂಬೆ ಹತ್ತಿತ್ತು. ನೀನೇ ಕೂಗಿದೆ. ಅದೂ ನಮ್ಮ ಮನೆನೇ. ಆಗ ಬಾಯಿ ಹಾಕಿದ್ಯಲ್ಲ?"

ಕೆಂಚ ಮತ್ತೆ ಆ ಪುಟ್ಟ ಮೈಯನ್ನು ನೋಡಿದ.

"ಹಾವು ನುಂಗಿದ್ರೆ ಅದು ಸಾವು. ಯಜಮಾನ ಕಚ್ಚಿದ್ರೆ ಮನೆ ವಿಷಯ. ಮರಿಗೆ ಏನಣ್ಣ ವ್ಯತ್ಯಾಸ?" ಅಂದಳು ಚಿಗುರಿ.

ಬೆಳ್ಳಿಗೆ ಮಾಡೋಕೆ ಏನೂ ಇರಲಿಲ್ಲ, ಇದಕ್ಕೆ ಇದೆ ಅಂತ ಕೆಂಚನಿಗೆ ಅನ್ನಿಸಿತು.

"ನಾನು ಉಪ್ಪುನೆಲಕ್ಕೆ ಹೋಗಿ ಬರ್ತೀನಿ. ದೊಡ್ಡವರಿಗೆ ಹೇಳ್ತೀನಿ. ಆಣೆ ಮಾಡಿದ್ದಾರೆ. ಬರಲೇಬೇಕು" ಅಂದ.

ಉಪ್ಪುನೆಲ ಅಂದರೆ ಹಳ್ಳದ ದಂಡೆಯಲ್ಲಿ ಉಪ್ಪಿನ ಮಣ್ಣಿರುವ ಜಾಗ. ಎಲ್ಲ ಪ್ರಾಣಿಗಳೂ ಮಣ್ಣು ನೆಕ್ಕಲು ಅಲ್ಲಿಗೆ ಬರುತ್ತಿದ್ದವು. ಅಲ್ಲಿ ಜಗಳವಿಲ್ಲ. ಕಾಡಿನ ಪಂಚಾಯಿತಿ ನಡೆಯುವುದೂ ಅಲ್ಲೇ. ಪಂಚಾಯಿತಿಗೆ ಮೂವರು ಯಜಮಾನರು. ಕಾಡುಕೋಣ ದೊಡ್ಡಯ್ಯ, ಏಕೆಂದರೆ ಅವನಷ್ಟು ದೊಡ್ಡವನು ಯಾರೂ ಇಲ್ಲ. ಹಂದಿಮಾವ, ಏಕೆಂದರೆ ಅವನಷ್ಟು ಸಿಟ್ಟಿನವನು ಯಾರೂ ಇಲ್ಲ. ನವಿಲಣ್ಣ, ಏಕೆಂದರೆ ಅವನಷ್ಟು ಚೆನ್ನಾಗಿ ಮಾತಾಡುವವನು ಯಾರೂ ಇಲ್ಲ. ಮೂವರಲ್ಲಿ ಒಬ್ಬ ಬೆನ್ನು ತಿರುಗಿಸಿ ನಿಂತರೂ ಸಾಕು, ಆ ಮಾತು ಅಲ್ಲಿಗೇ ಮುಗಿಯಿತು. ಮಿಕ್ಕವರೆಲ್ಲ ಒಪ್ಪಿದರೂ ಅಷ್ಟೆ.

ಇನ್ನು ಆಣೆಯ ಸಂಗತಿ. ಬಹಳ ಹಿಂದೆ ಗುಡ್ಡದ ಆಚೆ ಒಂದು ಮರದಲ್ಲಿ ಹೀಗೇ ಆಗಿತ್ತು. ಒಂದು ಮರಿಯೂ ಉಳಿದಿರಲಿಲ್ಲ. ಎಲ್ಲ ಮುಗಿದ ಮೇಲೆ ಪ್ರಾಣಿಗಳು ಹೋಗಿ ನೋಡಿ ಅತ್ತಿದ್ದವು. ಉಪ್ಪುಮಣ್ಣು ನೆಕ್ಕಿ, "ಇನ್ನೊಮ್ಮೆ ಹೀಗಾಗೋಕೆ ಬಿಡೋದಿಲ್ಲ" ಅಂತ ಆಣೆ ಮಾಡಿದ್ದವು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ನವಿಲಣ್ಣ ಆ ಆಣೆಯನ್ನು ರಾಗವಾಗಿ ಹೇಳುತ್ತಿದ್ದ. ಎಲ್ಲರೂ ತಲೆ ತಗ್ಗಿಸಿ ಕೇಳುತ್ತಿದ್ದರು. ಕೇಳಿ, ಉಪ್ಪು ನೆಕ್ಕಿ, ಮನೆಗೆ ಹೋಗುತ್ತಿದ್ದರು.

ಕೆಂಚ ಹೋದಾಗ ಮೂವರೂ ಅಲ್ಲೇ ಇದ್ದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ನವಿಲಣ್ಣ ಮೊದಲು ಬಾಯಿ ಬಿಟ್ಟ. "ಅಯ್ಯೋ ಪಾಪ. ನನಗೆ ಎಷ್ಟು ಸಂಕಟ ಆಗ್ತಿದೆ ಅಂದ್ರೆ, ಗರಿ ಬಿಚ್ಚೋಕೂ ಮನಸ್ಸಿಲ್ಲ." ಹೇಳುತ್ತ ಹೇಳುತ್ತ ಅರ್ಧ ಗರಿ ಬಿಚ್ಚಿದ್ದ.

"ಸಂಕಟ ಆಮೇಲೆ ಪಡು. ಈಗ ಬರ್ತೀಯಾ?" ಅಂದ ಕೆಂಚ.

"ಬರೋದಕ್ಕಿಂತ ಮೊದಲು ನಾವು ತೀವ್ರವಾಗಿ ಖಂಡಿಸಬೇಕಪ್ಪ. ಖಂಡಿಸದೆ ಹೇಗೆ ಬರೋದು?"

ಹಂದಿಮಾವ ಕೆಸರಿನಲ್ಲಿ ಮೂತಿ ಆಡಿಸುತ್ತಿದ್ದ. ದಿನಾ ಬೆಳಿಗ್ಗೆ ಜಟ್ಟಿ ಕೊಂಬೆ ಅಲ್ಲಾಡಿಸಿ ಅವನಿಗೆ ಬಸರಿ ಹಣ್ಣು ಉದುರಿಸಿ ಕೊಡುತ್ತಿದ್ದ. ಹಳೇ ಯಜಮಾನ ಕೊಡುತ್ತಿರಲಿಲ್ಲ.

"ಜಟ್ಟಿ ಒಳ್ಳೆ ಹುಡುಗ ಕಣಯ್ಯ" ಅಂದ ಹಂದಿಮಾವ. "ಮರಿ ಬಿದ್ದಿದ್ದು ಅವರವ್ವಂದಿರು ಎಚ್ಚರ ತಪ್ಪಿದ್ದಕ್ಕೂ ಇರಬಹುದು. ಎರಡೂ ಕಡೆ ಮಾತು ಕೇಳಬೇಕು."

"ಸತ್ತ ಮರಿ ಕಡೆ ಮಾತು ಯಾರನ್ನ ಕೇಳ್ತೀಯ ಮಾವ?"

ಹಂದಿಮಾವ ಮೂತಿ ಕೆಸರಿಗೆ ಹಾಕಿದ.

ಕಾಡುಕೋಣ ದೊಡ್ಡಯ್ಯ ಕೆಟ್ಟವನಲ್ಲ. ನಿಧಾನಸ್ಥ. ಅವನು ಮೆಲುಕು ಹಾಕುವುದು ನಿಲ್ಲಿಸಿ ಹೇಳಿದ, "ನೋಡು ಕೆಂಚ, ಇವತ್ತು ನಾವು ಅವರ ಮರದೊಳಗೆ ಬಾಯಿ ಹಾಕಿದ್ರೆ, ನಾಳೆ ಅವರು ನಮ್ಮ ಬಯಲಿಗೆ ಬಾಯಿ ಹಾಕ್ತಾರೆ. ನನ್ನ ಹಿಂಡು ನಾನು ನೋಡ್ಕೋತೀನಿ. ಅವನ ಹಿಂಡು ಅವನು ನೋಡ್ಕೋಬೇಕು."

"ನೀನು ನಿನ್ನ ಕರುಗಳನ್ನ ತುಳಿದು ಸಾಯಿಸ್ತೀಯಾ ದೊಡ್ಡಯ್ಯ?"

"ಏನು ಮಾತು ಅಂತ ಆಡ್ತೀಯೋ."

"ಸಾಯಿಸಲ್ಲ ತಾನೆ. ಹಾಗಿದ್ರೆ ನಿನಗ್ಯಾಕೆ ಭಯ?"

ದೊಡ್ಡಯ್ಯ ಕಿವಿ ಆಡಿಸಿದ. ಏನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಹಂದಿಮಾವ ಎದ್ದು, ಮೈ ಕೊಡವಿ, ಬೆನ್ನು ತಿರುಗಿಸಿ ನಿಂತ. ಮಾತು ಮುಗಿಯಿತು.

"ಪದ್ಧತಿ" ಅಂದ ದೊಡ್ಡಯ್ಯ. ಅವನ ದನಿ ಹಗುರವಾದ ಹಾಗಿತ್ತು.

"ಹೋಗಲಿ, ಆಣೆನಾದ್ರೂ ಒಂದ್ಸಲ ಹಾಡಲಾ?" ಅಂದ ನವಿಲಣ್ಣ.

"ಬೇಡ" ಅಂದ ಕೆಂಚ. "ಅದನ್ನ ಹಾಡೋದು ನಿಲ್ಲಿಸಿದ್ರೆ ಯಾರಿಗಾದ್ರೂ ನೆನಪಾಗಬಹುದು."

ವಾಪಸ್ ಬರುವಾಗ ಅವನು ದಾರಿಯುದ್ದಕ್ಕೂ ಒಂದೇ ಯೋಚಿಸಿದ. ಯಾರೂ ಬರದಿದ್ದರೆ ನಾನೇ ಕೂಗುತ್ತೇನೆ. ಕೂಗಿದರೆ ಸಾಕು, ಎಲ್ಲರಿಗೂ ಕೇಳುತ್ತದೆ. ಕೇಳಿದ ಮೇಲೆ ಏನಾದರೂ ಆಗುತ್ತದೆ.

ಮಾರನೆಯ ಬೆಳಿಗ್ಗೆ ಜಟ್ಟಿ ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಸರಿಯತೊಡಗಿದ. ತುದಿಯಲ್ಲಿ ಒಬ್ಬಳು ತಾಯಿ ಮರಿಗೆ ಹಾಲು ಕೊಡುತ್ತಿದ್ದಳು. ಅವಳು ನೋಡಿರಲಿಲ್ಲ. ಕೆಂಚ ನೋಡಿದ. ಬಾಲ ಎತ್ತಿದ, ಮುಂಗಾಲು ನೆಲಕ್ಕೆ ಬಡಿದ, ಗಂಟಲು ಬಿಚ್ಚಿ ಕೂಗಿದ. ಹುಲಿಗೆ ಕೂಗುವ ಅದೇ ಕೂಗು.

ಬಯಲಿಗೆ ಬಯಲೇ ಎದ್ದು ಓಡಿತು. ಜಿಂಕೆಗಳು ಓಡಿದವು, ಕಾಡೆಮ್ಮೆಗಳು ಓಡಿದವು, ಮೊಲಗಳು ಓಡಿದವು. ಮರದ ಮೇಲಿನ ಮುಸುವಗಳೂ ಎತ್ತರದ ತೆಳು ರೆಂಬೆಗಳಿಗೆ ಚದುರಿದವು, ಒಬ್ಬೊಬ್ಬಳು ಒಂದೊಂದು ಕಡೆ. ಕೆಂಚನೂ ಓಡಿದ. ಅವನು ಓಡಬೇಕೆಂದುಕೊಂಡಿರಲಿಲ್ಲ. ಕಾಲು ಓಡಿದವು. ಹುಟ್ಟಿದಾಗಿನಿಂದ ಕಲಿತದ್ದು ಅದೇ ತಾನೆ. ಪೊದೆಗಳನ್ನು ದಾಟಿ ದೂರ ಹೋದ ಮೇಲೆ ಅವನಿಗೆ ಬುದ್ಧಿ ಬಂತು. ತಿರುಗಿ ಓಡಿ ಬಂದ.

ತಡವಾಗಿತ್ತು. ಚದುರಿ ಒಂಟಿಯಾದ ತಾಯಿಯ ಕೈಯಿಂದ ಜಟ್ಟಿ ಮರಿ ಕಿತ್ತುಕೊಂಡಿದ್ದ.

ಕೆಳಗೆ ಚಿಗುರಿ ಕೂತಿದ್ದಳು. ಅವಳು ಬೈಯಲಿಲ್ಲ. "ಕೂಗಿದೆ. ಕೇಳಿಸಿತು" ಅಂದಳು. ಆಮೇಲೆ ಕೇಳಿದಳು, "ಓಡಿದ್ಯಾಕೆ ಅಣ್ಣ?"

ಕೆಂಚ ತಿರುಗಿ ತಾನು ಓಡಿದ ದಾರಿ ನೋಡಿದ.

ಮೇಲಿನಿಂದ ಜಟ್ಟಿ ನಕ್ಕ. "ಇನ್ನೊಂದ್ಸಲ ಕೂಗು ಮುದುಕ. ನನಗೆ ಕೆಲಸ ಸಲೀಸಾಯ್ತು."

ಆವತ್ತು ಕೆಂಚ ಮೇಯಲಿಲ್ಲ. ಮರದ ಬುಡದಲ್ಲೇ ನಿಂತು ಯೋಚಿಸಿದ. ಅವನು ಬೇಗ ಯೋಚಿಸುವವನಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ತಿಳಿಯಿತು. ಈ ಕಾಡಿನಲ್ಲಿ ಓಡಿ ಅನ್ನುವುದಕ್ಕೆ ಕೂಗಿದೆ. ಬನ್ನಿ ಅನ್ನುವುದಕ್ಕೆ ಕೂಗೇ ಇಲ್ಲ. ಯಾರೂ ಅಂಥದ್ದೊಂದನ್ನು ಮಾಡಿಯೇ ಇಲ್ಲ.

ಅವನು ಚಿಗುರಿಯನ್ನು ಕರೆದ.

"ಮರದ ಮೇಲೆ ನೀವು ಒಟ್ಟಿಗೆ ನಿಲ್ಲೋಕಾಗುತ್ತಾ?"

"ಕೊಂಬೆ ತಡೆಯಲ್ಲ. ಅವನು ಒಬ್ಬೊಬ್ಬರನ್ನೇ ಮೂಲೆಗೆ ತಳ್ತಾನೆ."

"ನೆಲದ ಮೇಲೆ?"

"ನಿಲ್ಲಬಹುದು. ಆದ್ರೆ ನೆಲದಲ್ಲಿ ಹುಲಿ ಭಯ."

"ನಿಮ್ಮ ಹಿಂಡಿನ ಅಜ್ಜಿಗೆ ಈಗ ಮರಿ ಇಲ್ಲ. ಅವಳನ್ನ ಜಟ್ಟಿ ಮುಟ್ಟಲ್ಲ. ಅವಳು ತುದಿಯಲ್ಲಿ ಕೂತು ಹುಲಿ ನೋಡ್ಲಿ. ನಾನು ಕೂಗಿದ ತಕ್ಷಣ ಮಿಕ್ಕವರೆಲ್ಲ ಇಳಿದು ನನ್ನ ಹಿಂದೆ ಬನ್ನಿ. ಮರಿಗಳನ್ನ ನಡುವೆ ಇಟ್ಕೊಳ್ಳಿ."

"ನೀನು ಮತ್ತೆ ಓಡಿದ್ರೆ?"

ಕೆಂಚ ತನ್ನ ಕಾಲುಗಳನ್ನು ನೋಡಿಕೊಂಡ. "ಓಡಲ್ಲ" ಅಂದ.

ಸುದ್ದಿ ಹಬ್ಬಿತು. ಸಂಜೆ ಹೊತ್ತಿಗೆ ಜಿಂಕೆ ಹಿಂಡಿನ ಹಿರಿಯಕ್ಕ ಬಂದಳು. "ನಿನಗೆ ಜೊತೆ ಹೋದ ಮೇಲೆ ತಲೆ ಸರಿ ಇಲ್ಲ ಕೆಂಚ. ನಮ್ಮ ಹಿಂಡಿಗೆ ಯಾಕೆ ಇಲ್ಲದ ತಂಟೆ?" ಅಂದಳು.

"ತಲೆ ಸರಿ ಇದೆ ಅಕ್ಕ. ನೀವು ಆ ಕಡೆ ಹುಲ್ಲಿಗೆ ಹೋಗಿ. ಮರಿಗಳು ಬೀಳೋದು ಅಲ್ಲಿಗೆ ಕೇಳಿಸಲ್ಲ."

ಅವಳು ಹಿಂಡಿನ ಕಡೆ ಹೋದಳು.

ಅವಳ ಹಿಂದೆಯೇ ಕಾಡುಕೋಣ ದೊಡ್ಡಯ್ಯ ಬಂದ. ಜೊತೆಗೆ ಅವನ ಹೆಂಡತಿ ದೊಡ್ಡಮ್ಮ, ಅವಳ ಮಗ್ಗುಲಿಗೆ ಹೊಸ ಕರು.

"ಬೆಳಿಗ್ಗೆ ಸುಳ್ಳು ಕೂಗು ಕೂಗಿದೆ" ಅಂದ ದೊಡ್ಡಯ್ಯ. "ನನ್ನ ಕರು ಓಡಿ ಎಡವಿ ಬಿತ್ತು."

"ಸುಳ್ಳಲ್ಲ. ಮರಿ ಸತ್ತಿದೆ. ಅಲ್ಲಿದೆ ನೋಡು."

ದೊಡ್ಡಯ್ಯ ನೋಡಲಿಲ್ಲ. ದೊಡ್ಡಮ್ಮ ನೋಡಿದಳು.

"ಮನೆ ವಿಷಯಕ್ಕೆ ಇನ್ನೊಮ್ಮೆ ಕೂಗಿದ್ರೆ ನಿನಗೆ ಉಪ್ಪುನೆಲ ಬಂದ್" ಅಂದ ದೊಡ್ಡಯ್ಯ. "ಉಪ್ಪಿಲ್ಲದೆ ಜಿಂಕೆ ಎಷ್ಟು ದಿನ ಬಾಳುತ್ತೆ, ಯೋಚಿಸು."

"ಬಂದ್ ಮಾಡು. ಆ ಉಪ್ಪು ತಿಂದೇ ತಾನೆ ಆಣೆ ಮಾಡಿದ್ದು? ಆಣೆ ಮುರಿದೂ ನಿಮಗೆ ದಕ್ಕಿದ ಉಪ್ಪು ನನಗೆ ಬೇಡ. ಕಲ್ಲು ನೆಕ್ಕೊಂಡು ಬದುಕ್ತೀನಿ."

ದೊಡ್ಡಯ್ಯನಿಗೆ ಅಂಥ ಮಾತು ಯಾರೂ ಆಡಿರಲಿಲ್ಲ. ಅವನು ಗೊರಸಿನಲ್ಲಿ ನೆಲ ಕೆರೆದ, ಕೆಮ್ಮಿದ, ಹೋದ. ದೊಡ್ಡಮ್ಮ ಒಂದು ಗಳಿಗೆ ತಡೆದು, ಆಮೇಲೆ ಅವನ ಹಿಂದೆ ಹೋದಳು.

ಮರುದಿನ ಬೆಳಿಗ್ಗೆ ಬಿಸಿಲು ಏರುತ್ತಿತ್ತು. ಹಂದಿಮಾವ ಹಣ್ಣಿಗಾಗಿ ಬಂದು ಮರದ ಆ ಪಕ್ಕ ನಿಂತಿದ್ದ. ಜಟ್ಟಿ ಅವನಿಗೆ ಹಣ್ಣು ಉದುರಿಸಿದ. ಆಮೇಲೆ ಬಾಲ ಎತ್ತಿಕೊಂಡು ಚಿಗುರಿ ಕೂತಿದ್ದ ಕೊಂಬೆಯ ಕಡೆ ನಡೆದ. ಈ ಸಲ ಮೆಲ್ಲಗೂ ನಡೆಯಲಿಲ್ಲ. ಮೆಲ್ಲಗೆ ನಡೆಯುವ ಅಗತ್ಯ ಅವನಿಗೆ ಕಾಣಲಿಲ್ಲ.

ಕೆಂಚ ಕೂಗಿದ.

ಬಯಲು ಓಡಿತು. ಕೆಂಚನ ಹಿಂಗಾಲು ನೆಗೆಯಲು ಬಾಗಿದವು. ಮೈಯೊಳಗೆ ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಓಡು ಓಡು ಅನ್ನುತ್ತಿದ್ದರು. ಅವನು ನಾಲ್ಕೂ ಗೊರಸನ್ನು ಮಣ್ಣಿಗೆ ಊರಿ ನಿಂತ. ನಿಂತು ಮತ್ತೆ ಕೂಗಿದ.

ಮುಸುವದ ತಾಯಂದಿರು ಧಬಧಬನೆ ಇಳಿದರು. ಚಿಗುರಿ ಮುಂದೆ, ಮಿಕ್ಕವರು ಅವಳ ಹಿಂದೆ. ಮರಿಗಳನ್ನು ನಡುವೆ ಹಾಕಿ, ಬೆನ್ನಿಗೆ ಬೆನ್ನು ಕೊಟ್ಟು, ಕೆಂಚನ ಹಿಂದೆ ಕೂತರು.

ಜಟ್ಟಿಗೆ ಮೊದಲು ನಗು ಬಂತು. "ಏ ಮುದುಕ, ನಿನ್ನ ಹೆಂಡತಿ ಸತ್ತಳು ಅಂತ ನನ್ನ ಹೆಂಡಿರನ್ನ ಕರ್ಕೊಂಡು ಹೋಗ್ತೀಯಾ?"

ಕೆಂಚ ಮತ್ತೆ ಕೂಗಿದ.

"ಇದು ನನ್ನ ಮನೆ. ಇವರು ನನ್ನವರು. ನಾನೇನು ಬೇಕಾದ್ರೂ ಮಾಡ್ತೀನಿ."

"ನಿನ್ನವರಾಗಿದ್ರೆ ನಿನ್ನ ಕಂಡು ನನ್ನ ಹಿಂದೆ ಯಾಕೆ ಬಂದರು?" ಅಂದ ಕೆಂಚ. ಮತ್ತೆ ಕೂಗಿದ.

ಜಟ್ಟಿಯ ಮುಖ ಇನ್ನೂ ಕಪ್ಪಾಯಿತು. ಮರದ ಮೇಲೆ ಅವನನ್ನು ಮುಟ್ಟುವವರು ಯಾರೂ ಇರಲಿಲ್ಲ. ಅಲ್ಲೇ ಇದ್ದಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ. ಆದರೆ ಸಿಟ್ಟು. ಮರ ಬಿಟ್ಟು ನೆಲಕ್ಕೆ ಹಾರಿದ. ಹಾರಿದವನೇ ಕೆಂಚನ ಕುತ್ತಿಗೆಗೆ ಬಿದ್ದು ಕಚ್ಚಿದ. ಒಂದು ಕಿವಿ ಬುಡಕ್ಕೇ ಹರಿಯಿತು. ರಕ್ತ ಕಣ್ಣಿಗೆ ಇಳಿಯಿತು. ಕೆಂಚ ಕತ್ತು ಕೊಡವಿದ, ಕೊಂಬು ಬೀಸಿದ, ತಪ್ಪಿತು. ಮತ್ತೆ ಕಚ್ಚಿಸಿಕೊಂಡ. ಒಂದು ಹೆಜ್ಜೆಯೂ ಸರಿಯಲಿಲ್ಲ. ಬಾಯಿ ಬಿಡುವಾದಾಗಲೆಲ್ಲ ಕೂಗಿದ.

ಅತ್ತ ದೂರ ಓಡಿದವರು ಒಬ್ಬೊಬ್ಬರಾಗಿ ನಿಂತರು. ಏನೋ ಸರಿ ಇಲ್ಲ. ಕೂಗುವವನು ಓಡುತ್ತಾನೆ, ಕೂಗೂ ಅವನ ಜೊತೆ ಓಡುತ್ತದೆ. ಇದು ಓಡುತ್ತಿಲ್ಲ. ನಿಂತ ಕಡೆಯಿಂದಲೇ ಬರುತ್ತಿದೆ. ಮತ್ತೆ. ಮತ್ತೆ.

"ಹುಲಿ ಆಗಿದ್ರೆ ಇಷ್ಟು ಹೊತ್ತಿಗೆ ಅವನು ಸತ್ತಿರಬೇಕಿತ್ತು" ಅಂತ ಒಂದು ಜಿಂಕೆ ಅಂದಿತು.

"ಹಾಗಾದ್ರೆ ಯಾಕೆ ಕೂಗ್ತಿದ್ದಾನೆ?"

"ನಮ್ಮನ್ನ ಕರೀತಿದ್ದಾನೆ" ಅಂದಳು ಹಿರಿಯಕ್ಕ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಅವಳು ಬಯಲಿನ ಕಡೆ ಒಂದು ಹೆಜ್ಜೆ ಇಟ್ಟಳು. ಮತ್ತೊಂದು ಇಟ್ಟಳು.

ಕಾಡೆಮ್ಮೆಗಳ ಹಿಂಡಿನಲ್ಲಿ ದೊಡ್ಡಮ್ಮ ಆಗಲೇ ತಿರುಗಿದ್ದಳು.

"ಎಲ್ಲಿಗೆ?" ಅಂದ ದೊಡ್ಡಯ್ಯ.

"ನೀನು ನೋಡಲಿಲ್ಲ. ನಾನು ನೋಡಿದೆ" ಅಂದಳು ದೊಡ್ಡಮ್ಮ.

"ಪದ್ಧತಿ ಅಂತ ಒಂದಿದೆ ಕಣೇ."

"ಇರಲಿ. ನೀನು ಅದಕ್ಕೆ ಕಾವಲಿರು. ಕರುನ ನೋಡ್ಕೋ."

ಅವಳು ಹೋದಳು. ಇಷ್ಟು ದೊಡ್ಡ ಮೈ ಪೊದೆ ಮುರಿದುಕೊಂಡು ಹೋದರೆ ಹಿಂದೆ ದಾರಿಯೇ ಆಗುತ್ತದೆ. ಆ ದಾರಿಯಲ್ಲಿ ಜಿಂಕೆಗಳು ನುಗ್ಗಿದವು. ಇನ್ನೆರಡು ಕಾಡೆಮ್ಮೆಗಳು ನುಗ್ಗಿದವು. ಕೊನೆಗೆ, ಕರುವನ್ನು ಮೂತಿಯಿಂದ ತಳ್ಳಿಕೊಂಡು, ಗೊಣಗುತ್ತ, ದೊಡ್ಡಯ್ಯನೂ ಬಂದ.

ಜಟ್ಟಿ ತಲೆ ಎತ್ತಿ ನೋಡುವಾಗ ಸುತ್ತ ಕೊಂಬುಗಳಿದ್ದವು. ಮರದ ಕಡೆ ಓಡೋಣವೆಂದರೆ ಮರದ ಬುಡದಲ್ಲಿ ದೊಡ್ಡಮ್ಮ. ನೆಲದ ಮೇಲೆ ಜಟ್ಟಿ ಯಜಮಾನನಲ್ಲ. ನೆಲದ ಮೇಲೆ ಅವನು ಒಂದು ಮುಸುವ, ಅಷ್ಟೆ.

ಅವನು ಹಂದಿಮಾವನನ್ನು ನೋಡಿದ. "ಮಾವ, ಹೇಳು ಇವರಿಗೆ. ದಿನಾ ಹಣ್ಣು ತಿಂದಿದ್ದೀಯ."

ಹಂದಿಮಾವನ ಬಾಯಲ್ಲಿ ಹಣ್ಣಿತ್ತು. ಬಾಯಿ ತುಂಬ ಹಣ್ಣಿದ್ದರೆ ಮಾತಾಡಲು ಆಗುವುದಿಲ್ಲ. ಅವನು ಅಗಿಯುತ್ತ ಬೇರೆ ಕಡೆ ನೋಡಿದ.

"ನನ್ನ ಸಾಯಿಸ್ತೀರಾ?" ಅಂದ ಜಟ್ಟಿ. ದನಿ ಸಣ್ಣದಾಗಿತ್ತು.

"ಇಲ್ಲ" ಅಂದ ಕೆಂಚ. ಅವನಿಗೆ ಉಸಿರು ಕಟ್ಟುತ್ತಿತ್ತು. "ಸಾಯಿಸೋದು ನಿನ್ನ ಕೆಲಸ. ನಾವು ನಿಲ್ಲಿಸೋಕೆ ಬಂದಿದ್ದು. ಗುಡ್ಡದ ಕಡೆ ದಾರಿ ಬಿಟ್ಟಿದ್ದೀವಿ. ಹೋಗು. ಮರಿ ಇರೋ ಯಾವ ಮರದ ಹತ್ತಿರ ನೀನು ಬಂದ್ರೂ ನಾನು ಕೂಗ್ತೀನಿ. ಇವರೂ ಕೂಗ್ತಾರೆ."

ಜಟ್ಟಿ ಹೋದ. ಮೊದಲು ನಡೆದ. ಹಿಂದಿನಿಂದ ಹಿರಿಯಕ್ಕ ಕೂಗಿದಳು, ಅವಳ ಹಿಂದೆ ಇಡೀ ಹಿಂಡು ಕೂಗಿತು. ಆಗ ಓಡಿದ. ಕೂಗಿಗೆ ಆವತ್ತು ಓಡಿದವನು ಅವನೊಬ್ಬನೇ.

ಇಲ್ಲಿಗೆ ಮುಗಿಯಬೇಕಿತ್ತು, ಮಕ್ಕಳೇ. ಆದರೆ ಗೆದ್ದ ಮೇಲೆ ಎಲ್ಲರಿಗೂ ಮಾತು ಬರುತ್ತದೆ.

ನವಿಲಣ್ಣ ಎಲ್ಲಿಂದಲೋ ಹಾರಿ ಬಂದು ಗೆದ್ದಲ ಹುತ್ತದ ಮೇಲೆ ನಿಂತ. ಈಗ ಗರಿ ಪೂರ್ತಿ ಬಿಚ್ಚಿದ್ದ. "ನಾವೆಲ್ಲ ಒಗ್ಗಟ್ಟಾಗಿ ಈ ದಿನ…" ಅಂತ ಶುರುಮಾಡಿದ. ಹಂದಿಮಾವ ಬಾಯಿ ಖಾಲಿ ಮಾಡಿಕೊಂಡು, "ಮರದಡಿ ಇನ್ನು ನಾನೇ ಕಾವಲಿರ್ತೀನಿ. ಹಣ್ಣು ಪೋಲಾಗಬಾರದು" ಅಂದ. ದೊಡ್ಡಯ್ಯನೂ ಮುಂದೆ ಬಂದ. "ಮುಂದಿನ ಯಜಮಾನ ಯಾರು ಅಂತ ನಾವೇ ಕೂತು ತೀರ್ಮಾನ ಮಾಡಬೇಕು. ಇವರಿಗೆ ಬಿಟ್ರೆ ಮತ್ತೆ ಹೀಗೇ."

ಕೆಂಚ ಒಂದು ಕಣ್ಣು ಮುಚ್ಚಿಕೊಂಡು ಬಸರಿಯ ಬೇರಿಗೆ ಒರಗಿ ನಿಂತಿದ್ದ. ಆ ಕಣ್ಣಿಗೆ ರಕ್ತ ಮೆತ್ತಿತ್ತು.

"ಎಲ್ಲರೂ ಹಿಂದೆ ಸರೀರಿ" ಅಂದ.

"ಏನು?"

"ಮರ ಅವರದು. ಯಜಮಾನ ಯಾರು, ಹಣ್ಣು ಯಾರಿಗೆ, ಅವರು ನೋಡ್ಕೋತಾರೆ. ಅದು ಮನೆ ವಿಷಯ. ಮರಿ ಸಾಯಿಸೋದು ಮನೆ ವಿಷಯ ಅಲ್ಲ. ಇವೆರಡೂ ಬೇರೆ ಬೇರೆ ಅಂತ ಇಷ್ಟು ದೊಡ್ಡ ತಲೆಗಳಿಗೆ ಯಾಕೆ ಹೊಳೆಯಲ್ಲ?"

ಹಂದಿಮಾವ ಗುರ್ ಅಂದ. ಬೆನ್ನು ತಿರುಗಿಸಿ ನಿಂತ. ಯಾರೂ ಅವನನ್ನು ನೋಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಅವನೇ ತಿರುಗಿಕೊಂಡ.

ದೊಡ್ಡಯ್ಯ ಕೆಂಚನ ಹತ್ತಿರ ಬಂದ. ಬೇರೆಯವರಿಗೆ ಕೇಳಿಸದ ಹಾಗೆ ಮಾತಾಡಿದ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ.

"ಒಂದು ಹೇಳು ಕೆಂಚ. ಇವತ್ತು ಈ ಮರ. ನಾಳೆ ಹಳ್ಳದ ಆಚೆ ಇನ್ನೊಂದು ಮರ. ನಾಡಿದ್ದು ಗುಡ್ಡದ ಮೇಲೆ. ಎಲ್ಲಿ ತನಕ ಹೋಗ್ತೀಯ? ನಿನ್ನ ಸರಹದ್ದು ಎಲ್ಲಿಗೆ ಮುಗಿಯುತ್ತೆ?"

"ಮರಿ ಅಳೋದು ಎಲ್ಲಿ ತನಕ ಕೇಳಿಸುತ್ತೋ ಅಲ್ಲಿ ತನಕ" ಅಂದ ಕೆಂಚ.

"ನಿನಗೆ ಒಂದೇ ಕಿವಿ ಉಳಿದಿರೋದು."

"ಸಾಕು ದೊಡ್ಡಯ್ಯ. ಎರಡಿದ್ದೂ ಕೇಳದವರು ಬೇಕಾದಷ್ಟು ಜನ ಇದ್ದಾರೆ."

ದೊಡ್ಡಮ್ಮ ಆ ಕಡೆ ತಿರುಗಿ ನಕ್ಕಳು. ದೊಡ್ಡಯ್ಯನಿಗೆ ನಗು ಬರಲಿಲ್ಲ, ಆದರೆ ಅವನು ಹೊರಟೂ ಹೋಗಲಿಲ್ಲ. ಅಲ್ಲೇ ನಿಂತು ನಿಧಾನವಾಗಿ ಮೆಲುಕು ಹಾಕತೊಡಗಿದ.

ಚಿಗುರಿ ಬಂದು ತನ್ನ ಮರಿಯನ್ನು ಕೆಂಚನ ಮುಂಗಾಲ ಹತ್ತಿರ ನೆಲಕ್ಕೆ ಬಿಟ್ಟಳು. ಅಷ್ಟು ದಿನ ಎದೆಯಿಂದ ಇಳಿಸಿದ್ದೇ ಇಲ್ಲ ಅದನ್ನು. ನೆಲ ಅಂದರೇನು ಅಂತ ಅದಕ್ಕೆ ಗೊತ್ತಿರಲಿಲ್ಲ. ಒಂದು ಹೆಜ್ಜೆ ಇಟ್ಟಿತು, ಮುಗ್ಗರಿಸಿತು. ಎದ್ದು, ಅಲ್ಲಿ ನಿಂತಿದ್ದ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಆಮೇಲೆ ಆಟಕ್ಕೆ ಹೋಯಿತು.

ನೀತಿ: ಕಾಯಬೇಕಾದವನೇ ಕೊಲ್ಲಲು ನಿಂತರೆ ಅದು ಅವನ ಮನೆ ವಿಷಯವಲ್ಲ, ಕೂಗು ಕೇಳಿದ ಎಲ್ಲರ ವಿಷಯ. ಕೂಗಿ ಓಡಬೇಡಿ, ಕೂಗಿ ನಿಲ್ಲಿ.